ಖಾಲಿ ಕುರ್ಚಿಗಳ ಲೆಕ್ಕ

ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಬೆಳೆದು, ಬದುಕಿನ ಬಹುಭಾಗವನ್ನು ಹಳೆಯ ಗ್ರಂಥಗಳ ನಡುವೆ ಕಳೆದ ನಾವು ಅಮೆರಿಕೆಯ ವಿನೋದವನವೊಂದರ ವಿಷಯವಾಗಿ ಬರೆಯಹೊರಟರೆ ಓದುಗ ಬಂಧುಗಳಿಗೆ ಸೋಜಿಗವೆನಿಸುವುದು ಸಹಜ. ನಮಗೂ ಹಾಗೆಯೇ ಅನಿಸಿದೆ. ಆದರೆ ಅಲ್ಲಿ ಕಿವಿಗೆ ಬಿದ್ದ ಒಂದು ವಾದ ಊರಿಗೆ ಮರಳಿದ ಮೇಲೂ ನಮ್ಮನ್ನು ಬಿಡಲಿಲ್ಲವಾದ್ದರಿಂದ ಈ ನಾಲ್ಕು ಮಾತು.

2023ರ ಡಿಸೆಂಬರ್ ತಿಂಗಳಲ್ಲಿ ನಾವು ದಂಪತಿಗಳು ಅಟ್ಲಾಂಟಾ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ರಜೆ ಬಂದೊಡನೆ ಅಳಿಯಂದಿರು ಏಳು ತಾಸು ಕಾರು ನಡೆಸಿ, ಫ್ಲೋರಿಡಾ ರಾಜ್ಯದ ಒರ್ಲಾಂಡೊ ಸಮೀಪದಲ್ಲಿರುವ ಮ್ಯಾಜಿಕ್ ಕಿಂಗ್‌ಡಮ್ ಎಂಬ ಡಿಸ್ನಿ ಉದ್ಯಾನಕ್ಕೆ ನಮ್ಮನ್ನು ಕರೆದೊಯ್ದರು. ಜಾತ್ರೆಯ ಜನಸಂದಣಿ ನಮಗೆ ಹೊಸದಲ್ಲ. ಆದರೆ ನಮ್ಮ ಜಾತ್ರೆಯಲ್ಲಿ ದಣಿದವನಿಗೆ ಯಾವುದಾದರೂ ಮರದ ನೆರಳಿನಲ್ಲಿ ಟವೆಲು ಹಾಸಿ ಮಲಗುವ ಸ್ವಾತಂತ್ರ್ಯವುಂಟು. ಅಲ್ಲಿ ಅದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಮಾತು ಕೇಳದಾದವು. ಆಗ ಹನ್ನೆರಡು ವರ್ಷದ ಮೊಮ್ಮಗ ನಮ್ಮ ಕೈ ಹಿಡಿದು ಹೇಳಿದ:

"ಅಜ್ಜಾ, ನಿಮಗ ಒಂದು ಜಾಗಾ ತೋರಸ್ತೇನಿ ಬರ್ರಿ. ಕುರ್ಚಿ ಅದಾವ, ತಂಪ ಅದ, ಯಾರೂ ಚೀರೂದಿಲ್ಲ."

ಆ ಜಾಗವೇ 'ಕ್ಯಾರೊಸೆಲ್ ಆಫ್ ಪ್ರೋಗ್ರೆಸ್'. ಕ್ಯಾರೊಸೆಲ್ ಎಂದರೆ ನಮ್ಮ ಜಾತ್ರೆಗಳಲ್ಲಿ ಕಟ್ಟಿಗೆಯ ಕುದುರೆಗಳ ಮೇಲೆ ಮಕ್ಕಳನ್ನು ಕೂಡಿಸಿ ಗರಗರ ತಿರುಗಿಸುವ ಆಟವಷ್ಟೆ. ಇಲ್ಲಿ ತಿರುಗುವುದು ಕುದುರೆಯಲ್ಲ, ಪ್ರೇಕ್ಷಕರು! ನಡುವೆ ಅಲುಗದೆ ನಿಂತ ರಂಗಗಳು. ಅವುಗಳ ಸುತ್ತ ಉಂಗುರದಂತೆ ಆರು ಭಾಗಗಳಾಗಿ ಹಂಚಿದ ಸಭಾಂಗಣ. ಒಂದು ದೃಶ್ಯ ಮುಗಿದೊಡನೆ ಕುಳಿತ ಕುರ್ಚಿಗಳ ಸಹಿತ ಸಭಾಂಗಣವೇ ಸರಿದು ಮುಂದಿನ ರಂಗದೆದುರು ನಿಲ್ಲುತ್ತದೆ. ಪಾತ್ರಧಾರಿಗಳೆಲ್ಲ ಧ್ವನಿಗೆ ತಕ್ಕಂತೆ ಕೈಕಾಲು, ತುಟಿ, ಹುಬ್ಬು ಆಡಿಸುವ ಯಂತ್ರದ ಗೊಂಬೆಗಳು. ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚಿನ ಆಟ.

ಬಾಗಿಲು ತೆರೆಯುವುದನ್ನು ಕಾಯುತ್ತ ನಿಂತಿದ್ದಾಗ ನಮ್ಮ ಮುಂದೆ ಒಬ್ಬ ವೃದ್ಧರೂ ಅವರ ಮಗಳೂ ಗಟ್ಟಿಯಾಗಿ ಚರ್ಚಿಸುತ್ತಿದ್ದರು. ಆ ಇಂಗ್ಲಿಷಿನ ಓಟ ನಮಗೆ ಹತ್ತಲಿಲ್ಲ. ಮೊಮ್ಮಗ ಕಿವಿಯಲ್ಲಿ ತಿಳಿಸಿದ: ಇದನ್ನು ಮುಚ್ಚಿಬಿಡುತ್ತಾರೆಂಬ ಸುದ್ದಿ ಎರಡು-ಮೂರು ವರ್ಷಕ್ಕೊಮ್ಮೆ ಏಳುತ್ತದಂತೆ. ಮುಚ್ಚಿದರೆ ತಪ್ಪೇನು ಎಂದು ಮಗಳು, ಮುಚ್ಚಿದರೆ ತಾನು ಈ ಉದ್ಯಾನದೊಳಗೆ ಕಾಲಿಡುವುದಿಲ್ಲವೆಂದು ತಂದೆ. "ಇಂಥಾ ಮಂದಿ ಭಾಳ ಅದಾರ ಅಜ್ಜಾ" ಎಂದ ಹುಡುಗ.

ಒಳಗೆ ಹೋಗಿ ಕುಳಿತೆವು. ಮೊದಲ ದೃಶ್ಯ ಇಪ್ಪತ್ತನೆಯ ಶತಮಾನದ ಆರಂಭದ್ದು. ಜಾನ್ ಎಂಬ ಗೃಹಸ್ಥ ತನ್ನ ಮನೆಯ ಹೊಸ ಸೌಕರ್ಯಗಳನ್ನು ಹೊಗಳುತ್ತಾನೆ: ಅಡಿಗೆಮನೆಗೇ ಬಂದ ಕೈಪಂಪು, ಮಂಜುಗಡ್ಡೆಯ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ. ಎರಡು ದಿನ ಹಿಡಿಯುತ್ತಿದ್ದ ಅರಿವೆಯ ಕೆಲಸ ಈಗ ಐದೇ ತಾಸಿನಲ್ಲಿ ಮುಗಿಯುವುದಂತೆ. ನಮ್ಮ ಶ್ರೀಮತಿ ಪಕ್ಕದಿಂದ ಪಿಸುಗುಟ್ಟಿದರು:

"ರೀ, ಉಳಿದ ಹೊತ್ತಿನ್ಯಾಗ ಆಕಿ ಕುಂತ್ಳೇನು ಕೇಳ್ರಿ."

ಗೊಂಬೆಯ ಹೆಂಡತಿ ಮರುಕ್ಷಣವೇ ಉತ್ತರವಿತ್ತಳು. ಉಳಿದ ಹೊತ್ತು ಒಲೆ ತಿಕ್ಕಿ ಹೊಳಪು ಮಾಡುವುದಕ್ಕಂತೆ. "ನಾ ಅಂದದ್ದು ಅದs ಅಲ್ಲೇನು?" ಎಂದು ಶ್ರೀಮತಿ ನಕ್ಕ ನಗೆಗೆ ಮುಂದಿನ ಸಾಲಿನವರು ತಿರುಗಿ ನೋಡಿದರು.

ಎರಡನೆಯದು 1920ರ ದಶಕ. ಮನೆಗೆ ವಿದ್ಯುತ್ತು ಬಂದಿದೆ, ಎಲ್ಲ ಉಪಕರಣಗಳನ್ನೂ ಒಮ್ಮೆಲೇ ಹಚ್ಚಿದ್ದಾರೆ, ಫ್ಯೂಸ್ ಹಾರಿ ಕತ್ತಲಾಗುತ್ತದೆ. ಮೂರನೆಯದು 1940ರ ದಶಕ, ಟೆಲಿವಿಷನ್ ಕಾಲಿಟ್ಟ ಹೊತ್ತು. ಕೊನೆಯದು 'ಇಂದು' ಅಥವಾ 'ನಾಳೆ', ಕ್ರಿಸ್‌ಮಸ್ ಹಬ್ಬದ ದಿನ. ಅಜ್ಜಿ ಕಣ್ಣಿಗೆ ಯಂತ್ರ ಕಟ್ಟಿಕೊಂಡು ಆಟವಾಡುತ್ತಾಳೆ. ಅವಳಿಗೆ ಬಂದ ಅಂಕಗಳನ್ನು ಮನೆಯವರು ಕೂಗಿ ಹೇಳುತ್ತಾರೆ. ಮಾತು ಕೇಳಿ ನಡೆಯುವ ಒಲೆ ಅದನ್ನೇ ಉಷ್ಣತೆಯ ಆಜ್ಞೆಯೆಂದು ತಿಳಿದು 975ಕ್ಕೆ ಏರಿ, ಹಬ್ಬದ ಟರ್ಕಿ ಕೋಳಿಯನ್ನು ಸುಟ್ಟು ಕರಿಕು ಮಾಡುತ್ತದೆ. ಸಭೆಯೆಲ್ಲ ನಕ್ಕಿತು. ಆ ಕೋಳಿಯ ಭಾಗವನ್ನು ನಾವು ನೋಡದೆ ಬಿಟ್ಟೆವು, ಅದು ನಮ್ಮ ಸಂಸ್ಕಾರ. ಹಾಸ್ಯ ಮಾತ್ರ ಚೆನ್ನಾಗಿತ್ತು.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತಾಗ ಮಗಳು ಈ ಆಟದ ಚರಿತ್ರೆಯನ್ನು ಹೇಳಿದಳು. ಊರಿಗೆ ಬಂದ ಮೇಲೆ ನಾವೂ ಓದಿ ತಿಳಿದೆವು. ಇದರ ಹುಟ್ಟು ಫ್ಲೋರಿಡಾದಲ್ಲಿ ಅಲ್ಲ. 1964ರಲ್ಲಿ ನ್ಯೂಯಾರ್ಕಿನ ಜಾಗತಿಕ ಮೇಳಕ್ಕಾಗಿ ವಾಲ್ಟ್ ಡಿಸ್ನಿಯವರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಮಂಟಪದಲ್ಲಿ ಇದನ್ನು ಕಟ್ಟಿಸಿದರು. ಮೇಳ ಮುಗಿದ ಬಳಿಕ 1967ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿಗೆ ಬಂತು. ಅಲ್ಲಿ 1973ರಲ್ಲಿ ನಿಂತು, 1975ರ ಜನವರಿ 15ರಂದು ಫ್ಲೋರಿಡಾದಲ್ಲಿ ಮರಳಿ ಆರಂಭವಾಯಿತು. ಡಿಸ್ನಿಯವರು ತೀರಿಕೊಂಡದ್ದು 1966ರ ಡಿಸೆಂಬರಿನಲ್ಲಿ. ಫ್ಲೋರಿಡಾದ ಉದ್ಯಾನ ತೆರೆದದ್ದು 1971ರ ಅಕ್ಟೋಬರಿನಲ್ಲಿ. ಎಂದರೆ ತಾವು ಕಣ್ಣಾರೆ ಕಾಣದ ಉದ್ಯಾನದಲ್ಲಿ ಆ ಪುರುಷರ ಕೈಯ ಗುರುತುಳ್ಳ ಕೆಲವೇ ಆಟಗಳಲ್ಲಿ ಇದೊಂದು. ಅಭಿಮಾನಿಗಳ ಪಟ್ಟಿಗೆ ಮುಖ್ಯ ಕಾರಣವೇ ಇದು.

ಇದರ ಹಾಡಿನದೊಂದು ಕಥೆಯುಂಟು. ಷರ್ಮನ್ ಸಹೋದರರು ರಚಿಸಿದ ಮೊದಲ ಹಾಡು ಬರಲಿರುವ ನಾಳೆಯನ್ನು ಕೊಂಡಾಡುವಂಥದು. 1975ರಲ್ಲಿ ಅದನ್ನು ತೆಗೆದು, ಇಂದಿನ ಕಾಲವೇ ಶ್ರೇಷ್ಠವೆಂಬ ಹಾಡನ್ನು ಅದೇ ಸಹೋದರರಿಂದ ಬರೆಸಿದರು. ನಾಳೆ ಚೆನ್ನಾಗಿರುತ್ತದೆಂದರೆ ಜನ ಯಂತ್ರ ಕೊಳ್ಳುವುದನ್ನೂ ನಾಳೆಗೆ ಹಾಕಿಯಾರೆಂದು ಹಣ ಹಾಕಿದ ಸಂಸ್ಥೆಗೆ ಅಳುಕಿತ್ತೆಂದು ಹೇಳುತ್ತಾರೆ. ವ್ಯಾಪಾರಿಯ ಬುದ್ಧಿ ಎಲ್ಲ ದೇಶದಲ್ಲೂ ಒಂದೇ! ಆ ಸಂಸ್ಥೆಯ ಆಶ್ರಯ 1985ಕ್ಕೆ ಮುಗಿಯಿತು, 1993ರಲ್ಲಿ ಹಳೆಯ ಹಾಡು ಮರಳಿ ಬಂತು. ಕೊನೆಯ ದೃಶ್ಯವನ್ನು ಮತ್ತೆ ಮತ್ತೆ ಬದಲಿಸುತ್ತ ಬಂದವರು ಅದೇ 1993ರಲ್ಲಿ ಕೈ ಕಟ್ಟಿ ಕುಳಿತರು. 2022ರಲ್ಲಿ ಆ ದೃಶ್ಯದ ಗೊಂಬೆಗಳಿಗೆ ಹೊಸ ಬಟ್ಟೆ ತೊಡಿಸಿದ್ದುಂಟು. ಮನೆ ಮಾತ್ರ ಹಳೆಯದೇ. ನಾವು ಕಂಡ 'ನಾಳೆ' ಮೂವತ್ತು ವರ್ಷ ಹಳೆಯ ನಾಳೆ.

ಅಭಿಮಾನಿಗಳ ವಾದವೆಲ್ಲ ಇಲ್ಲಿಯೇ ಕವಲೊಡೆಯುತ್ತದೆ. ಪ್ರಗತಿಯನ್ನು ಸಾರುವ ಆಟವೇ ಹಿಂದೆ ಬಿದ್ದರೆ ಅದಕ್ಕಿಂತ ನಗೆಪಾಟಲು ಬೇರೆಯಿಲ್ಲ, ಮುಚ್ಚಿಬಿಡಿ ಎಂಬುದು ಒಂದು ಪಂಗಡ. ಕೊನೆಯ ದೃಶ್ಯವನ್ನಷ್ಟೇ ಹೊಸದು ಮಾಡಿ ಎಂಬುದು ಇನ್ನೊಂದು. ಬೇಡ, 1964ರವರು ಕಂಡ ಭವಿಷ್ಯದ ಕನಸನ್ನೇ ಮರಳಿ ಇಟ್ಟುಬಿಡಿ, ಅದು ಎಂದೂ ಹಳತಾಗದು ಎನ್ನುವ ಚತುರರೂ ಇದ್ದಾರೆ. ಒಂದು ಮೊಳೆಯನ್ನೂ ಮುಟ್ಟಬೇಡಿ ಎನ್ನುವವರೂ ಉಂಟು. ತಿರುಗುವ ಯಂತ್ರ ಮೊಂಡು ಹಿಡಿದು ನಿಂತು ಒಂದೇ ದೃಶ್ಯವನ್ನು ಎರಡೆರಡು ಸಲ ನೋಡಿದೆವೆಂದು ಈ ಕೊನೆಯವರು ಪ್ರಸಾದ ಸಿಕ್ಕವರಂತೆ ಹೇಳಿಕೊಳ್ಳುತ್ತಾರಂತೆ.

ಮೊಮ್ಮಗನ ನಿಲುವು ಯಾವುದೆಂದು ಕೇಳಿದೆವು. ಅವನು ಮುಚ್ಚುವವರ ಕಡೆಯವ! "ಅರ್ಧಾ ಕುರ್ಚಿ ಖಾಲಿ ಇದ್ದುವಲ್ಲ ಅಜ್ಜಾ. ಅಷ್ಟು ಜಾಗಾದಾಗ ಏನರ ಛಲೋದು ಮಾಡಬಹುದು" ಎಂದ. ಹಾಗಾದರೆ ನಮ್ಮನ್ನೇಕೆ ಅಲ್ಲಿಗೇ ಕರೆತಂದೆ ಎಂದರೆ, "ನಿಮಗ ಬ್ಯಾರೆ ಎಲ್ಲೆ ಕೂಡ್ರಾಕ ಬರತೈತಿ?" ಎಂದು ನಕ್ಕ. ತನ್ನ ಎರಡು ಮಾತುಗಳ ನಡುವಿನ ಬಿರುಕು ಹುಡುಗನಿಗೆ ಕಾಣಲಿಲ್ಲ. ತೋರಿಸಿಕೊಡಲು ನಮಗೂ ಬಾಯಿ ಬರಲಿಲ್ಲ. ಏಕೆಂದರೆ ಖಾಲಿ ಕುರ್ಚಿಗಳ ಲೆಕ್ಕವನ್ನು ನಾವೂ ಒಮ್ಮೆ ಮಾಡಿದ್ದುಂಟು.

1994ರ ಮಾತು. ನಾವು ಸೇವೆ ಸಲ್ಲಿಸುತ್ತಿದ್ದ ಸಂಸ್ಥೆಯೊಂದರ ಆಶ್ರಯದಲ್ಲಿ ಬೀದಿಗೆ ಮುಖ ಮಾಡಿದ ಒಂದು ವಾಚನಾಲಯವಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ನೇಮಿಸಿದ ಸಮಿತಿಯಲ್ಲಿ ನಾವೂ ಒಬ್ಬರು. ಹದಿನೈದು ದಿನ ತಲೆ ಎಣಿಸಿದೆವು; ಸಂಜೆ ನಾಲ್ಕು ಜನ, ಹೆಚ್ಚೆಂದರೆ ಐದು. ಠರಾವು ಬರೆದವರು ನಾವೇ. ಅಕ್ಷರ ಚೆನ್ನಾಗಿದೆಯೆಂದು ನಮಗೇ ಕೊಟ್ಟಿದ್ದರು. ಆ ಜಾಗದಲ್ಲಿ ಎರಡು ಅಂಗಡಿಗಳಾದವು. ಅವುಗಳ ಬಾಡಿಗೆಯಿಂದ ಬಡ ವಿದ್ಯಾರ್ಥಿಗಳ ಶುಲ್ಕ ಸಂದಾಯವಾಯಿತೆಂಬುದನ್ನೂ ಮರೆಮಾಚಬಾರದು. ಆದರೆ ಬಾಗಿಲಿಗೆ ಕೀಲಿ ಬಿದ್ದ ಮರುದಿನ ಬೆಳಿಗ್ಗೆ ಆ ಐವರಲ್ಲಿ ಒಬ್ಬರು, ನಿವೃತ್ತರಾದ ದರ್ಜಿ, ಅದೇ ಕಟ್ಟೆಯ ಮೇಲೆ ತಾವೇ ಕೊಂಡ ಪತ್ರಿಕೆಯನ್ನು ಹರವಿಕೊಂಡು ಕುಳಿತಿದ್ದರು. ಮನೆಯಲ್ಲಿಯೇ ಓದಬಹುದಲ್ಲ ಎಂದೆವು. ಅವರು ಕನ್ನಡಕ ತೆಗೆದು ನಮ್ಮನ್ನು ನೋಡಿದರು.

"ಮನ್ಯಾಗ ಓದಾಕ ಬರ್ತದ್ರಿ ಶಾಸ್ತ್ರಿಗಳ. ಇಲ್ಲೆ ಮತ್ತೊಬ್ಬರ ಜೋಡಿ ಓದಿದಂಗ ಆಗತಿತ್ತು."

ನಾವು ಉತ್ತರಿಸದೆ ಮುಂದೆ ನಡೆದೆವು. ಆ ತಿಂಗಳೆಲ್ಲ ಹತ್ತಾರು ಜನ ಬಂದು ವಾಚನಾಲಯವನ್ನು ಮುಚ್ಚಬಾರದಿತ್ತೆಂದು ಹಳಹಳಿಸಿದರು. ಅವರಲ್ಲಿ ಹೆಚ್ಚಿನವರು ಹತ್ತು ವರ್ಷದಿಂದ ಅದರ ಮೆಟ್ಟಿಲು ಹತ್ತಿದವರಲ್ಲ. ಡಿಸ್ನಿ ಅಭಿಮಾನಿಗಳಲ್ಲಿಯೂ ಇಂಥವರೇ ಬಹಳ ಎಂದು ಮಗಳು ಹೇಳಿದಾಗ ನಮಗೆ ಆಶ್ಚರ್ಯವಾಗಲಿಲ್ಲ. ಉಳಿಯಬೇಕೆಂದು ಕೂಗುವವರು ಬೇರೆ, ಬಂದು ಕುಳಿತುಕೊಳ್ಳುವವರು ಬೇರೆ. ತಲೆ ಎಣಿಸುವವನಿಗೆ ಮೊದಲಿನವರ ಸದ್ದು ಕೇಳಿಸುತ್ತದೆ, ಎರಡನೆಯವರು ಬರಿಯ ಸಂಖ್ಯೆಯಾಗುತ್ತಾರೆ.

ಕೂಗಿನಿಂದ ಉಳಿದದ್ದು ಕಡಿಮೆಯೇ. ಅದೇ ಉದ್ಯಾನದಲ್ಲಿ ಆರಂಭದಿಂದಲೂ ಇದ್ದ 'ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್' ಎಂಬ ಕಪ್ಪೆರಾಯನ ಗಾಡಿಯಾಟ ಮುಚ್ಚುವ ಸುದ್ದಿ 1997ರಲ್ಲಿ ಹಬ್ಬಿದಾಗ ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಗುಂಪುಗೂಡಿ ಬಂದು ಪ್ರತಿಭಟಿಸಿದರು. ಆದರೂ 1998ರ ಸೆಪ್ಟೆಂಬರ್ 7 ಅದರ ಕೊನೆಯ ದಿನವಾಯಿತು. ಮರುವರ್ಷ ಅಲ್ಲಿ ವಿನ್ನಿ ದ ಪೂ ಎಂಬ ಕರಡಿಯ ಆಟ ಬಂತು. ಆದರೆ ಕಟ್ಟಿದವರು ಒಂದು ಸೌಜನ್ಯ ತೋರಿದರು. ಹೊಸ ಆಟದೊಳಗಿನ ಗೋಡೆಯ ಮೇಲೆ, ಕಪ್ಪೆರಾಯನು ಜಾಗದ ಕಾಗದಪತ್ರವನ್ನು ಗೂಬೆಯ ಕೈಗೆ ಒಪ್ಪಿಸುವ ಚಿತ್ರವನ್ನು ತೂಗುಹಾಕಿದರು. ಮೊಮ್ಮಗ ಅದನ್ನು ತೋರಿಸಿದಾಗ ನಾವು ಒಂದು ಗಳಿಗೆ ನಿಲ್ಲಬೇಕೆಂದೆವು. ಕುಳಿತ ಗಾಡಿ ನಿಲ್ಲಲಿಲ್ಲ. ನಮ್ಮ ಎರಡು ಅಂಗಡಿಗಳ ಗೋಡೆಯ ಮೇಲೆ ವಾಚನಾಲಯದ ಹೆಸರನ್ನಾದರೂ ಬರೆಸಬೇಕೆಂದು ಠರಾವಿನಲ್ಲಿ ಸೇರಿಸಲು ನಮಗೆ ಹೊಳೆದಿರಲಿಲ್ಲ.

ಆಟವನ್ನು ಕುರಿತು ಹೇಳಬೇಕಾದ ಮುಖ್ಯ ಮಾತು ಉಳಿದಿದೆ. ಅದರಲ್ಲಿ ನೂರು ವರ್ಷ ಕಳೆದರೂ ಆ ಕುಟುಂಬಕ್ಕೆ ವಯಸ್ಸಾಗುವುದಿಲ್ಲ. ಅದೇ ಜಾನ್, ಅದೇ ಹೆಂಡತಿ, ಅದೇ ಮಕ್ಕಳು. ಯಂತ್ರಗಳು ಮಾತ್ರ ಬದಲಾಗುತ್ತವೆ. ಪ್ರತಿ ದೃಶ್ಯದಲ್ಲಿಯೂ ಆತ ಇದಕ್ಕಿಂತ ಹೆಚ್ಚಿನ ಸುಖ ಇನ್ನೆಲ್ಲಿ ಎನ್ನುತ್ತಾನೆ. ಸಭಾಂಗಣ ಅಷ್ಟು ದೂರ ತಿರುಗಿದೊಡನೆ ಆ ಮಾತು ಸುಳ್ಳಾಗುತ್ತದೆ. ನಗೆಯ ಮೂಲ ಅದೇ. ಒಂದು ಮೊಳೆಯನ್ನೂ ಮುಟ್ಟಬೇಡಿ ಎನ್ನುವ ಅಭಿಮಾನಿ, ತಾನು ನಕ್ಕ ಜಾನನ ಮಾತನ್ನೇ ಆಡುತ್ತಿದ್ದಾನೆ. ಮುಚ್ಚಿಬಿಡಿ ಎನ್ನುವವನಾದರೋ ಯಂತ್ರಗಳನ್ನು ಕಂಡ, ಅವುಗಳ ನಡುವೆ ಅಜ್ಜಿಗೂ ಒಂದು ಕುರ್ಚಿ ಇಟ್ಟಿದ್ದನ್ನು ಕಾಣಲಿಲ್ಲ. ಆ ಉದ್ಯಾನದಲ್ಲಿ ಮೂರು ತಲೆಮಾರಿನವರು ಒಂದೇ ಸಾಲಿನಲ್ಲಿ ಕುಳಿತು, ಒಂದೇ ಮಾತಿಗೆ ನಗುವ ಜಾಗ ನಮಗೆ ಆ ದಿನ ದೊರೆತದ್ದು ಅದೊಂದೇ. ಬೇರೆಡೆ ಮಕ್ಕಳು ಗಾಡಿ ಹತ್ತಿದರು, ನಾವು ಅವರ ಚೀಲ ಕಾದೆವು.

2024ರ ಆಗಸ್ಟ್ ತಿಂಗಳಲ್ಲಿ ಅಲ್ಲಿ 'ಕಾರ್ಸ್' ಚಲನಚಿತ್ರದ ಹೊಸ ವಿಭಾಗವೊಂದನ್ನು ಘೋಷಿಸಿದರು. ಅದರ ಸಲುವಾಗಿ ಕೃತಕ ನದಿಯನ್ನೂ, ಉಗಿದೋಣಿಯನ್ನೂ, 1973ರಿಂದ ಇದ್ದ ಟಾಮ್ ಸಾಯರ್ ದ್ವೀಪವನ್ನೂ ತೆಗೆದರು. 2025ರ ಜುಲೈ 6 ಅವುಗಳ ಕೊನೆಯ ದಿನ. ಆ ವಾರ ಮೊಮ್ಮಗ ಫೋನು ಮಾಡಿದ. ದ್ವೀಪದ ಗವಿಗಳಲ್ಲಿ ಚಿಕ್ಕಂದಿನಲ್ಲಿ ಅವಿತು ಆಡಿದವನು ಅವನು. ಈ ಸಲ ಖಾಲಿ ಜಾಗದ ಮಾತನ್ನು ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದ:

"ಅಜ್ಜಾ, ನಾಳೆ ಆ ತಿರುಗೂದನ್ನೂ ತಗದ್ರ?"

ಮೊದಲ ಮೂರು ದೃಶ್ಯಗಳನ್ನು ಮುಟ್ಟದೆ ಉಳಿಸಲಿ, ಕೊನೆಯದನ್ನು ಇಪ್ಪತ್ತು ವರ್ಷಕ್ಕೊಮ್ಮೆ ಕಿತ್ತು ಕಟ್ಟಲಿ, ಅದನ್ನು ಕಟ್ಟಿಸಿದವರೂ ಹಾಗೆಯೇ ಮಾಡುತ್ತ ಬಂದದ್ದು ಎಂದು ನಾವು ನ್ಯಾಯಾಧೀಶರ ಗತ್ತಿನಿಂದ ಹೇಳಿದೆವು. ಅದು ಎರಡನೆಯ ಪಂಗಡದ ವಾದ, ಹೊಸದೇನಲ್ಲ ಎಂದ ಹುಡುಗ. ಅಷ್ಟರಲ್ಲಿ ನಮ್ಮ ಶ್ರೀಮತಿ ಫೋನನ್ನು ಕಸಿದುಕೊಂಡರು.

"ಏನರೆ ಮಾಡ್ಲಿ ತಮ್ಮಾ. ನಾವು ಮತ್ತ ಬಂದಾಗ ಕೂಡ್ರಾಕ ಜಾಗಾ ಇರ್ಲಿ ಅಂತ ಹೇಳು ಅವರಿಗೆ."