ದಾರಿಖರ್ಚಿನ ಲೆಕ್ಕ

ಮಹಾನಗರದ ನೆರಳಿನಲ್ಲಿ ಬಾಳುವ ಊರುಗಳಿಗೆ ಒಂದು ವಿದ್ಯೆ ಗುರುವಿಲ್ಲದೆಯೇ ಸಿದ್ಧಿಸುತ್ತದೆ. ಅದು ದಾರಿಖರ್ಚಿನ ಗಣಿತ. ಹೊಸೂರಿನವರಾದ ನಮಗೆ ಬೆಂಗಳೂರು ಸುಮಾರು 40 ಕಿಲೋಮೀಟರು ದೂರ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಊರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆದರೂ ಉದ್ಯೋಗಕ್ಕೆ, ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ, ಕಡೆಗೆ ಒಂದು ಕನ್ನಡ ನಿಘಂಟಿಗೆ ಕೂಡ ನಾವು ಮುಖಮಾಡುವುದು ಬೆಂಗಳೂರಿನ ಕಡೆಗೇ. ಆದಕಾರಣ ಆ ನಗರವನ್ನು ಸೇರಲು ಅತ್ಯಂತ ಅಗ್ಗವೂ ಸುಲಭವೂ ಆದ ಮಾರ್ಗ ಯಾವುದೆಂಬ ಚರ್ಚೆ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಎಂದೂ ಮುಗಿದುದಿಲ್ಲ.

ಅಗ್ಗ, ಸುಲಭ ಎಂಬ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಲೋಕರೂಢಿ. ಕೇಳಿದವರಿಗೆ ಅವು ಅವಳಿ ಮಕ್ಕಳೆಂದು ತೋರಬಹುದು. ವರ್ಷಗಟ್ಟಲೆ ಹೋಗಿಬಂದ ನಮಗೆ ಮಾತ್ರ ಅವು ದಾಯಾದಿಗಳೆಂಬುದು ಮನದಟ್ಟಾಗಿದೆ. ಒಂದಿದ್ದ ಮನೆಯಲ್ಲಿ ಇನ್ನೊಂದು ನಿಲ್ಲುವುದು ಅಪರೂಪ.

ಹಣವೊಂದನ್ನೇ ನೋಡುವುದಾದರೆ ರೈಲಿಗೆ ಸಮನಾದುದಿಲ್ಲ. ತಿಂಗಳ ಪಾಸು ಕೊಂಡವನಿಗೆ ಒಂದೊಂದು ಪ್ರಯಾಣಕ್ಕೆ ತಗಲುವ ವೆಚ್ಚ ಒಂದು ಲೋಟ ಕಾಫಿಯ ಬೆಲೆಯನ್ನೂ ಮುಟ್ಟಲಾರದು. ವಿದ್ಯಾರ್ಥಿಗಳಿಗೆ ಅದರಲ್ಲಿಯೂ ರಿಯಾಯಿತಿಯುಂಟು. ಆದರೆ ರೈಲು ತನ್ನ ಹೊತ್ತಿಗೆ ಬರುವುದೇ ಹೊರತು ನಮ್ಮ ಹೊತ್ತಿಗಲ್ಲ. ಅದರ ಹಾದಿಯೂ ಹೆದ್ದಾರಿಯ ಹಾದಿಯಲ್ಲ. ಆನೇಕಲ್ ರಸ್ತೆ, ಹೀಲಲಿಗೆ, ಕಾರ್ಮೆಲರಾಂ, ಬೆಳ್ಳಂದೂರು ರಸ್ತೆ ಎಂದು ನಗರದ ಪೂರ್ವದ ಅಂಚನ್ನು ಬಳಸಿಕೊಂಡು ಸಾಗುತ್ತದೆ. ಆ ಭಾಗದಲ್ಲಿ ಕೆಲಸವಿದ್ದವನಿಗೆ ಅದು ವರಪ್ರಸಾದ. ಜಯನಗರಕ್ಕೋ ಬಸವನಗುಡಿಗೋ ಹೋಗಬೇಕಾದವನು ಇಳಿದ ಮೇಲೆ ಮತ್ತೊಂದು ವಾಹನವನ್ನು ಹುಡುಕಬೇಕು. ಬೆಳಗಿನ ಗಾಡಿ ತಪ್ಪೀತೆಂದು ಮನೆಯಿಂದ ನಿಲ್ದಾಣಕ್ಕೆ ಆಟೋ ಹಿಡಿದರಂತೂ ಮೂಗಿಗಿಂತ ಮೂಗುತಿ ಭಾರ.

ಬಸ್ಸಿನ ಗುಣ ಬೇರೆ. ಅದು ಹೊತ್ತುಹೊತ್ತಿಗೆ ದೊರೆಯುತ್ತದೆ, ಕೈಯೆತ್ತಿದರೆ ಕೆಲವೊಮ್ಮೆ ನಿಲ್ಲುತ್ತದೆ, ಊರಿನ ನಡುವಿನಿಂದ ಹೊರಟು ನಗರದ ನಡುವಿಗೇ ಕರೆದೊಯ್ಯುತ್ತದೆ. ಆದರೆ ಚಂದಾಪುರ, ಬೊಮ್ಮಸಂದ್ರ, ಸಿಲ್ಕ್ ಬೋರ್ಡುಗಳ ಜನಜಂಗುಳಿಯಲ್ಲಿ ಅದು ಮುಂದೆ ಸಾಗುತ್ತಿದೆಯೋ ನಿಂತು ಧ್ಯಾನಿಸುತ್ತಿದೆಯೋ ತಿಳಿಯದು. ನೇರ ಬಸ್ಸನ್ನು ಬಿಟ್ಟು ಗಡಿಯ ಅತ್ತಿಬೆಲೆಯವರೆಗೆ ಒಂದು, ಅಲ್ಲಿಂದ ನಗರಸಾರಿಗೆಯ ಇನ್ನೊಂದು ಬಸ್ಸು ಹಿಡಿದು ನಾಲ್ಕು ಕಾಸು ಉಳಿಸುವ ಜಾಣರೂ ನಮ್ಮಲ್ಲಿದ್ದಾರೆ.

2025ರ ಆಗಸ್ಟಿನಲ್ಲಿ ಮೂರನೆಯದೊಂದು ದಾರಿ ತೆರೆಯಿತು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರು ಉದ್ದದ, 16 ನಿಲ್ದಾಣಗಳ ಮೆಟ್ರೊ ಹಳದಿ ಮಾರ್ಗ. ಕೆಳಗೆ ಹೆದ್ದಾರಿಯಲ್ಲಿ ವಾಹನಗಳು ನಿಂತೇ ಇರುವಾಗ ಮೇಲೆ ತಂಪಾಗಿ ಕುಳಿತು ಹೋಗುವ ಸುಖ ಸಣ್ಣದಲ್ಲ. ಆದರೆ ಮಾರ್ಗವು ಗಡಿಗೆ ಕೆಲವು ಮೈಲಿ ಮುಂಚೆಯೇ ಮುಗಿದಿದೆ. ಅಲ್ಲಿಯವರೆಗೆ ಬಸ್ಸೇ ಗತಿ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊ ದರವು ಕನಿಷ್ಠ 10, ಗರಿಷ್ಠ 90 ರೂಪಾಯಿ ಎಂದು ನಿಗದಿಯಾಯಿತು. ದಿನಕ್ಕೆ ಎರಡು ಬಾರಿ ಸಂಚರಿಸುವ ಬಡ ವಿದ್ಯಾರ್ಥಿಗೆ ಇದು ಹಗುರವಾದ ಹೊರೆಯಲ್ಲ.

ಇನ್ನು ಉಚಿತ ಪ್ರಯಾಣದ ಸಂಗತಿ. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ನಗರ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟಿನ ಹಣವಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಅದು ಆ ರಾಜ್ಯದ ನಿವಾಸಿಗಳಾದ ಸ್ತ್ರೀಯರಿಗೆ ಮೀಸಲು. ಹೀಗಾಗಿ ನಮ್ಮ ಹೆಣ್ಣುಮಕ್ಕಳು ಜೂಜುವಾಡಿಯವರೆಗೆ ಹಣವಿಲ್ಲದೆ ಬಂದು, ಗಡಿ ದಾಟಿದೊಡನೆ ಚೀಲ ಬಿಚ್ಚಬೇಕು. ಪಕ್ಕದ ಆಸನದ ಹುಡುಗಿಯೂ ಇವಳೂ ಒಂದೇ ಭಾಷೆಯಲ್ಲಿ ಮಾತನಾಡುತ್ತ, ಒಂದೇ ಕಾಲೇಜಿನಲ್ಲಿ ಇಳಿಯುತ್ತಾರೆ. ಗುರುತಿನ ಚೀಟಿಯ ವಿಳಾಸವೊಂದೇ ಭೇದ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಸರಕಾರಗಳು ತಮ್ಮ ಪ್ರಜೆಗಳ ತೆರಿಗೆಯಿಂದ ನಡೆಸುವ ಏರ್ಪಾಡಿಗೆ ಒಂದು ಎಲ್ಲೆ ಇರುವುದು ಸಹಜ. ಎಲ್ಲೆಯ ಮೇಲೆ ಮನೆ ಕಟ್ಟಿಕೊಂಡವರಿಗೆ ಅದು ದಿನವೂ ಕಾಲಿಗೆ ತಾಗುತ್ತದೆ, ಅಷ್ಟೆ.

ತಾಗುವುದಲ್ಲದೆ ಕೆಲವೊಮ್ಮೆ ತಡೆಯುವುದೂ ಉಂಟು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿವಾದ ಭುಗಿಲೆದ್ದು ಎರಡು ರಾಜ್ಯಗಳ ನಡುವೆ ಬಸ್ಸುಗಳು ನಿಂತುಹೋದಾಗ, ಜನರು ಗಂಟುಮೂಟೆ ಹೊತ್ತು ಮಕ್ಕಳ ಕೈಹಿಡಿದು ಗಡಿಯನ್ನು ಕಾಲ್ನಡಿಗೆಯಿಂದ ದಾಟಿದರು. 2020ರ ಮಹಾಮಾರಿಯಲ್ಲಿ ಆ ನಡಿಗೆಗೂ ಅಡ್ಡಿಯಾಯಿತು. ಅಗ್ಗದ ದಾರಿ ಯಾವುದೆಂದು ಕೇಳುವ ಭಾಗ್ಯ ದಾರಿ ತೆರೆದಿರುವಾಗ ಮಾತ್ರ ಎಂಬುದನ್ನು ಆ ದಿನಗಳು ನಮಗೆ ಕಲಿಸಿದುವು.

ಹಾಗಾದರೆ ಆಯ್ಕೆ ಹೇಗೆ? ವಿದ್ಯಾರ್ಥಿಗಳಿಗೆ ನಾವು ಒಂದು ಲೆಕ್ಕವನ್ನು ಒಡ್ಡುವುದುಂಟು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ತಿಂಗಳಿಗೆ 25 ದಿನವೆಂದರೆ 100 ಗಂಟೆ, ಅಂದರೆ ಹಗಲಿರುಳು ಸೇರಿ ನಾಲ್ಕು ದಿನಗಳಿಗೂ ಮಿಗಿಲು. ತಿಂಗಳಿಗೆ 500 ರೂಪಾಯಿ ಹೆಚ್ಚು ತೆತ್ತು ದಿನಕ್ಕೆ ಒಂದು ಗಂಟೆ ಉಳಿಸಿದರೆ ಗಂಟೆಯ ಬೆಲೆ 20 ರೂಪಾಯಿ. ಆ ಗಂಟೆಯಲ್ಲಿ ನೀನು ಏನು ಮಾಡುವೆ? ಓದುವೆಯಾದರೆ 20 ರೂಪಾಯಿ ಅಗ್ಗ, ಹರಟುವೆಯಾದರೆ ದುಬಾರಿ. ಇನ್ನು ಕುಳಿತುಕೊಳ್ಳಲು ಎಡೆಯಿರುವ ರೈಲಿನಲ್ಲಿ ಪುಸ್ತಕ ತೆರೆಯುವವನಿಗೆ ದಾರಿಯ ಹೊತ್ತೂ ನಷ್ಟವಲ್ಲ. ಅವನಿಗೆ ನಿಧಾನದ ಗಾಡಿಯೇ ಅಗ್ಗವೂ ಸುಲಭವೂ ಹೌದು.

ಇದು ಬರಿಯ ಬಾಯಿಲೆಕ್ಕವಲ್ಲ. ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿನ ತಂದೆ ಮೊದಲು ಕೇಳುವ ಪ್ರಶ್ನೆ ಯಾವ ವಿಷಯ ಓದಿಸಲಿ ಎಂಬುದಲ್ಲ, ದಿನಕ್ಕೆ ಬಸ್ಸಿಗೆಷ್ಟಾದೀತು ಎಂಬುದು. ಆ ಪ್ರಶ್ನೆಗೆ ತಕ್ಕ ಉತ್ತರ ದೊರೆಯದಿದ್ದರೆ ಹುಡುಗನ ಓದು ಸಮೀಪದ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುತ್ತದೆ. ಹುಡುಗಿಯದು ಮನೆಯ ಹೊಸ್ತಿಲಲ್ಲಿ. ಆದುದರಿಂದ ರೈಲಿನ ವೇಳೆ, ಪಾಸಿನ ಅರ್ಜಿ, ರಿಯಾಯಿತಿಯ ನಿಯಮ ಇವುಗಳನ್ನು ತಿಳಿದಿರುವುದು ಗಡಿನಾಡಿನ ಉಪಾಧ್ಯಾಯನಿಗೆ ವ್ಯಾಕರಣದಷ್ಟೇ ಅಗತ್ಯ. ಫಲಿತಾಂಶದ ಪಟ್ಟಿಯನ್ನು ಅಂಟಿಸುವ ಹಲಗೆಯ ಮೇಲೆ ವರ್ಷಕ್ಕೊಮ್ಮೆ ದಾರಿಖರ್ಚಿನ ಪಟ್ಟಿಯೂ ಬರಲೆಂಬುದು ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ.