ಪಡಸಾಲೆಗೆ ಬಂದ ಪಟ

ಅಂಗೈಯೊಳಗಣ ಫೋನನ್ನು ಗೋಡೆಯ ಮೇಲಣ ಟೀವಿಗೆ ಜೋಡಿಸುವ ವಿದ್ಯೆಯಲ್ಲಿ ಎರಡು ಸಂಪ್ರದಾಯಗಳುಂಟು; ಒಂದು ತಂತಿಯದು, ಮತ್ತೊಂದು ನಿಸ್ತಂತುವಿನದು. ವಯೋಧರ್ಮಕ್ಕನುಸಾರವಾಗಿ ನಾನು ಮೊದಲನೆಯದರ ಪಕ್ಷಪಾತಿ. ಚಿತ್ರಕ್ಕೊಂದು ಹಳದಿ, ಧ್ವನಿಗೆ ಬಿಳಿ ಮತ್ತು ಕೆಂಪು ಎಂದು ಟೀವಿಯ ಬೆನ್ನಿಗೆ ಮೂರು ಬಣ್ಣದ ವೈರುಗಳು ಜೋತಾಡುತ್ತಿದ್ದ ಕಾಲದಲ್ಲಿ, 2002ರ ಡಿಸೆಂಬರಿನಲ್ಲಿ ರೂಪುಗೊಂಡ ಎಚ್‌ಡಿಎಂಐ ಎಂಬ ವ್ಯವಸ್ಥೆಯು ಒಂದೇ ಮೂತಿಯೊಳಗೆ 19 ಪಿನ್ನುಗಳನ್ನಡಗಿಸಿಕೊಂಡು ಬಂದು, ರೂಪ ಶಬ್ದಗಳೆರಡನ್ನೂ ಒಂದೇ ಹಾದಿಯಲ್ಲಿ ನಡೆಸಿಕೊಟ್ಟಿತು. ಅಲ್ಲಿಯವರೆಗೆ ಎಲ್ಲವೂ ಸುಗಮವೇ. ತೊಡಕಿರುವುದು ಫೋನಿನ ಕಡೆಯಲ್ಲಿ. ಟೈಪ್-ಸಿ ಎಂಬ ಅದರ ರಂಧ್ರವು ಎಲ್ಲ ಫೋನುಗಳಲ್ಲಿಯೂ ಒಂದೇ ಆಕಾರದ್ದಾಗಿ ಕಂಡರೂ, ಕೆಲವು ಮಾತ್ರ ಅದರ ಮೂಲಕ ಚಿತ್ರವನ್ನು ಹೊರಗೆ ಕಳುಹಿಸಬಲ್ಲವು. ಮಿಕ್ಕವಕ್ಕೆ ಚಾರ್ಜು ಹಿಡಿಯುವುದು, ಫೈಲು ಸಾಗಿಸುವುದು ಇಷ್ಟೇ ಗತಿ. ಈ ಜಾತಿಭೇದವು ಹೊರಗಿನಿಂದ ಕಾಣತಕ್ಕದ್ದಲ್ಲ. ಅಡಾಪ್ಟರನ್ನು ಕೊಂಡು ತಂದು, ಟೀವಿಯ ಹಿಂದಣ ಧೂಳಿನಲ್ಲಿ ಕತ್ತು ತೂರಿಸಿ ಸಿಕ್ಕಿಸಿದ ಮೇಲೆ, ‘ನೋ ಸಿಗ್ನಲ್’ ಎಂಬ ಎರಡು ಶಬ್ದಗಳ ತೀರ್ಪು ಹೊರಬೀಳುತ್ತದೆ. ಅದರ ಮೇಲೆ ಅಪೀಲಿಲ್ಲ.

ನಿಸ್ತಂತುವಿನವರೊಳಗೂ ಮತ್ತೆ ಎರಡು ಪಂಗಡ. ಸ್ಕ್ರೀನ್ ಮಿರರಿಂಗ್ ಎಂಬುದರಲ್ಲಿ, ಫೋನು ತನ್ನ ಮುಖದ ಮೇಲೆ ಮೂಡಿದುದೆಲ್ಲವನ್ನೂ ಕ್ಷಣಕ್ಷಣಕ್ಕೂ ಕಿರಿದುಗೊಳಿಸಿ ಟೀವಿಗೆ ಕಳುಹಿಸುತ್ತಲೇ ಇರಬೇಕು. 2012ರಲ್ಲಿ ಬಂದ ಮಿರಾಕಾಸ್ಟಿನ ಕ್ರಮದಲ್ಲಿಯಾದರೆ ಮನೆಯ ವೈ-ಫೈ ಪೆಟ್ಟಿಗೆಯ ಮಧ್ಯಸ್ಥಿಕೆಯೂ ಬೇಡ, ಅವೆರಡೂ ನೇರವಾಗಿಯೇ ಮಾತನಾಡಿಕೊಳ್ಳುತ್ತವೆ. ಈ ದುಡಿಮೆಯಿಂದ ಫೋನು ಬಿಸಿಯೇರುತ್ತದೆ, ಬ್ಯಾಟರಿ ಇಳಿಯುತ್ತದೆ, ಬೆರಳಾಡಿದುದಕ್ಕೂ ಪರದೆಯಾಡಿದುದಕ್ಕೂ ನಡುವೆ ಅಲ್ಪಕಾಲದ ಅಂತರವೊಂದು ಉಳಿಯುತ್ತದೆ. ಮರುವರ್ಷ ಬಂದ ಕ್ರೋಮ್‌ಕಾಸ್ಟ್ ಮೊದಲಾದವುಗಳ ರೀತಿಯೇ ಬೇರೆ. ಮದುವೆಮನೆಯ ಯಜಮಾನನು ಅಡಿಗೆಯವರಿಗೆ ಪಟ್ಟಿಯನ್ನೊಪ್ಪಿಸಿ ತಾನು ಚಪ್ಪರದಲ್ಲಿ ಹೋಗಿ ಕುಳಿತುಕೊಳ್ಳುವಂತೆ, ಫೋನು ಚಿತ್ರವಿರುವ ತಾಣದ ವಿಳಾಸವನ್ನಷ್ಟೇ ತಿಳಿಸಿ ಸುಮ್ಮನಾಗುತ್ತದೆ. ಅಂತರ್ಜಾಲದಿಂದ ಅದನ್ನು ತರಿಸಿಕೊಳ್ಳುವ ಹೊಣೆ ಟೀವಿಯದು. ಸಿನಿಮಾ ನೋಡುವುದಕ್ಕೆ ಈ ಎರಡನೆಯದೇ ಶ್ರೇಷ್ಠವೆಂಬುದರಲ್ಲಿ ವಿವಾದವಿಲ್ಲ. ಚಂದಾ ಕಟ್ಟಿ ನೋಡುವ ಚಿತ್ರಗಳನ್ನು ಮೊದಲನೆಯ ಕ್ರಮದಲ್ಲಿ ತೋರಿಸಹೊರಟರೆ, ನಕಲು ಮಾಡಗೊಡದ ರಕ್ಷಣೆಯ ದೆಸೆಯಿಂದ ಪರದೆ ಕಪ್ಪಗಿದ್ದು ನಾಯಕನ ಧ್ವನಿ ಮಾತ್ರ ಕೇಳಿಬರುವುದೂ ಉಂಟು. ಅಂತಹ ಚಿತ್ರಗಳಲ್ಲಿ ಕೆಲವನ್ನು ಹಾಗೆ ಅನುಭವಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಆದರೆ ಬಂಧುಗಳ ಮನೆಯ ನಾಮಕರಣದ ಪಟಗಳನ್ನು ನೋಡುವುದಕ್ಕೆ, ದುಡಿದು ಬಿಸಿಯೇರುವ ಆ ಮಿರರಿಂಗೇ ನನಗೆ ಹೆಚ್ಚು ಪ್ರಿಯ. ಕೈಯಲ್ಲಿರುವಾಗ ಫೋನಿನ ಪಟವು ಒಡೆಯನ ಬೆರಳಿಗಧೀನವಾದ ವಸ್ತು. ಅವನು ಸರಿಸಿದಾಗ ಸರಿಯಬೇಕು. ಪಕ್ಕದಲ್ಲಿ ಕತ್ತು ನೀಡಿ ಕುಳಿತವರು ಕಂಡಷ್ಟನ್ನು ಕಂಡು ‘ಚೆನ್ನಾಗಿದೆ’ ಎನ್ನಬೇಕು. ಅದು ನೋಟವಲ್ಲ, ದಾಕ್ಷಿಣ್ಯ. ಅದೇ ಪಟ ಪಡಸಾಲೆಯ ಗೋಡೆಗೇರಿತೆಂದರೆ ಅಧಿಕಾರವು ಕೈಬದಲಾಗುತ್ತದೆ. ಒಡೆಯನ ಬೆರಳು ಫೋನಿನ ಮೇಲೆಯೇ ಇರುತ್ತದೆ, ನಿಜ. ಆದರೆ ಅದಕ್ಕೆ ಅಪ್ಪಣೆ ಕೊಡುವವರು ಕುರ್ಚಿಗಳಲ್ಲಿಯೂ ಚಾಪೆಯ ಮೇಲೆಯೂ ಕುಳಿತ ಸಭೆಯವರು.

“ತಡಿಯೋ, ಓಡಿಸ್ಬೇಡ. ಆ ಕಂಬದ ಪಕ್ಕ ನಿಂತಿರೋಳು ಯಾರು?” ಎಂದರು ನಮ್ಮ ಅತ್ತಿಗೆಯವರು.

ಕಂಬವೊಂದಿದೆಯೆಂಬುದನ್ನು ಪಟ ಹಿಡಿದವನೇ ಅರಿತಿರಲಿಲ್ಲ. ಫೋನಿನಲ್ಲಿ ಎಲ್ಲರೂ ನೋಡಿದುದು ತೊಟ್ಟಿಲನ್ನು, ತೊಟ್ಟಿಲೊಳಗಣ ಮಗುವನ್ನು. ಗೋಡೆಯ ಮೇಲೆ ಹಿರಿದಾದ ಕೂಡಲೆ ಅಂಚಿನವರೆಲ್ಲರೂ ಎದ್ದುಬಂದರು. ಬಾಗಿಲ ಸಂದಿನಲ್ಲಿ ಅರ್ಧ ಕಂಡ ಸೋದರತ್ತೆ, ಮಾತು ಬಿಟ್ಟಿದ್ದ ದಾಯಾದಿಗಳಿಬ್ಬರು ಒಂದೇ ಜಮಖಾನದ ಮೇಲೆ ಕುಳಿತುದು, ಅತ್ತಿಗೆಯವರು ಎಂದೋ ಎರವಲು ಕೊಟ್ಟು ಮರೆತಿದ್ದ ಹಿತ್ತಾಳೆಯ ಕೊಳಗ—ಒಂದೊಂದಕ್ಕೂ ಒಂದೊಂದು ಉಪಾಖ್ಯಾನ ಹುಟ್ಟಿತು. ನಿಲ್ಲಿಸಿ ಹಿಡಿದ ಫೋನಿನ ಪಟವು ಅಡ್ಡಗಲದ ಟೀವಿಯಲ್ಲಿ ಅಗಲದ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಜಾಗವನ್ನು ಹಿಡಿದು, ಎರಡು ಮಗ್ಗುಲಲ್ಲಿಯೂ ಕತ್ತಲೆಯನ್ನು ಬಿಡುತ್ತದೆ. ಆ ಕತ್ತಲೆಯಲ್ಲಿ ಯಾರಿದ್ದರೆಂಬ ಚರ್ಚೆಯೂ ನಡೆಯದಿರಲಿಲ್ಲ.

1987ರಲ್ಲಿ ದೂರದರ್ಶನದ ರಾಮಾಯಣವು ಮೊದಲಾದಾಗ, ಭಾನುವಾರದ ಬೆಳಗ್ಗೆ ಇದಕ್ಕಿಂತ ದೊಡ್ಡ ಸಭೆಗಳು ಟೀವಿಯ ಮುಂದೆ ನೆರೆಯುತ್ತಿದ್ದುವು. ಆದರೆ ದೆಹಲಿಯಿಂದ ಹೊರಟ ಚಿತ್ರವು ಯಾರಿಗಾಗಿಯೂ ನಿಲ್ಲತಕ್ಕದ್ದಾಗಿರಲಿಲ್ಲ. ಉಕ್ಕುವ ಹಾಲನ್ನು ಇಳಿಸಲು ಎದ್ದುಹೋದವಳ ಪಾಲಿನ ಕಥೆ ಹೋದಂತೆಯೇ. ಹಾಗೆ ಎದ್ದುಹೋದವರಲ್ಲಿ ಅತ್ತಿಗೆಯವರೂ ಒಬ್ಬರು. ಇಂದು ‘ತಡಿ’ ಎಂದರೆ ತಡೆಯುವ, ‘ಹಿಂದಕ್ಕೆ ಹೋಗು’ ಎಂದರೆ ಹೋಗುವ ಟೀವಿಯೊಂದು ಅವರಿಗೆ ದೊರೆತಿದೆ. ಸಭೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನೋಡುವವರ ಗತಿಯೇ ಎಲ್ಲರ ಗತಿಯಾಗಿದೆ. ಯುವಕರಿಗೆ ಇದು ಶಿಕ್ಷೆಯೆಂಬುದನ್ನು ನಾನು ಬಲ್ಲೆ. ಆದರೂ ಅವರು ಏಳುವಂತಿಲ್ಲ, ಏಕೆಂದರೆ ಫೋನು ಅವರದು.

ಒಡೆಯನ ಪಾಲಿಗೆ ಅಪಾಯಗಳೂ ಇಲ್ಲದಿಲ್ಲ. ಪಟದೊಡನೆ ಫೋನಿನ ಗುಟ್ಟುಗಳೂ ಗೋಡೆಗೇರುತ್ತವೆಯಷ್ಟೆ. ತೊಟ್ಟಿಲಿನ ಪಟದ ನೆತ್ತಿಯ ಮೇಲೆ ಸಾಲದ ಕಂತು ಬಾಕಿಯುಳಿದಿದೆಯೆಂಬ ಬ್ಯಾಂಕಿನ ಸಂದೇಶವು ಬೆರಳುದ್ದದ ಅಕ್ಷರಗಳಲ್ಲಿ ಇಳಿದುಬಂದಾಗ, ಅದುವರೆಗೆ ಕನ್ನಡಕವಿಲ್ಲದೆ ಏನೂ ಕಾಣದೆನ್ನುತ್ತಿದ್ದ ನಮ್ಮಣ್ಣನು ಮೊತ್ತವನ್ನು ಪೈಸೆಯವರೆಗೆ ಓದಿಬಿಟ್ಟನು. ಸಂದೇಶಗಳನ್ನು ತಡೆದಿಡುವ ಗುಂಡಿಯೊಂದು ಫೋನಿನಲ್ಲಿದೆ. ಜೋಡಿಸುವುದಕ್ಕೆ ಮುಂಚೆ ಅದನ್ನೊತ್ತುವುದು ಈಗ ನಮ್ಮ ಮನೆಯಲ್ಲಿ ಆಚಾರವಾಗಿದೆ.

ಅಂದು ಪಟಗಳ ಸಾಲು ಕೊನೆಗಾಣುವ ವೇಳೆಗೆ ಎದುರುಮನೆಯವರು ಮೊಸರಿಗೆ ಹೆಪ್ಪು ಕೇಳಲು ಬಂದರು. ಅತ್ತಿಗೆಯವರು ಅವರಿಗೆ ಕುರ್ಚಿ ಎಳೆದು ಕೊಟ್ಟು, ಹುಡುಗನ ಕಡೆಗೆ ತಿರುಗಿ, “ಮೊದಲಿಂದ ಹಾಕೋ, ಇವರೂ ನೋಡ್ಲಿ” ಎಂದರು. ಅವನು ಚಾರ್ಜರನ್ನು ಹುಡುಕಿಕೊಂಡು ಒಳಕ್ಕೆ ಹೋದನು.