ಪಾಳಿಯ ತಾಸು

ಚಿಕ್ಕಪಡಸಲಗಿಯ ಹೊಳೆದಂಡೆ. ನಸುಕಿನ 5:10. ತ್ರೀಫೇಸ್ ಕರೆಂಟು ಈಗಷ್ಟೇ ಹೋಯಿತು. ಮೋಟರು ನಿಂತದ್ದೇ ತಡ, ಕಬ್ಬಿನ ಗರಿ ಸರಗುಟ್ಟುವುದು ಕೇಳುತ್ತದೆ. ಕೆಳಗೆ ಶ್ರಮಬಿಂದು ಸಾಗರ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ತಾವೇ ದುಡಿದು ಕಟ್ಟಿಕೊಂಡ ಬ್ಯಾರೇಜು ಕೃಷ್ಣೆಯನ್ನು ಇಲ್ಲಿ ನಿಲ್ಲಿಸಿದೆ. ಅಷ್ಟು ಕಷ್ಟಪಟ್ಟು ನಿಲ್ಲಿಸಿದ ನೀರಿನ ಹಂಚಿಕೆಯಲ್ಲಿ ಅರ್ಧ ತಾಸೂ ಹೆಚ್ಚುಕಮ್ಮಿ ಆಗಬಾರದು.

ಎರಡು ಮನೆಗೆ ಒಂದೇ ಮೋಟರು. ಯಾರು ಎಷ್ಟು ತಾಸು ಓಡಿಸಿದರೋ ರಿಪೇರಿ ಖರ್ಚೂ ಅಷ್ಟೇ. ಗೋಡೆಗೆ ಒರಗಿ ಕುಳಿತ ಹುಡುಗನ ತೊಡೆಯ ಮೇಲೆ ಲ್ಯಾಪ್‌ಟಾಪು. ಪಾಳಿಯ ಲೆಕ್ಕಕ್ಕೆಂದು ಪಿಎಚ್‌ಪಿಯಲ್ಲಿ ಅವನೇ ಬರೆದ ಪುಟ ತೆರೆದಿದೆ.

"ಎಷ್ಟ್ ತಾಸ್ ಆತೋ ತಮ್ಮಾ?"

"ರಾತ್ರಿ ಹತ್ತೂ ನಲವತ್ತಕ್ಕ ಚಾಲೂ ಆಗಿತ್ತು ಕಾಕಾ, ತಡೀರಿ."

22:40, 05:10 ಎಂದು ಒತ್ತುತ್ತಾನೆ. ಬಂದ ಉತ್ತರ ಮೈನಸ್ 63000 ಸೆಕೆಂಡು. ಬರೀ ಗಂಟೆ ಕೊಟ್ಟರೆ ಪಿಎಚ್‌ಪಿಯ ಫಂಕ್ಷನ್ ಸ್ಟ್ರ್‌ಟೊಟೈಮ್ ಎರಡಕ್ಕೂ ಇವತ್ತಿನ ತಾರೀಖನ್ನೇ ಹಚ್ಚುತ್ತದೆ. ನಿನ್ನೆ ಚಾಲೂ ಆದ ಮೋಟರು ಅದರ ಪ್ರಕಾರ ಇವತ್ತು ರಾತ್ರಿ ಚಾಲೂ ಆಗಬೇಕು! ಹುಡುಗ ಒಂದು ದಿನದ 86400 ಸೆಕೆಂಡು ಕೂಡಿಸುತ್ತಾನೆ. 23400. ಅಂದರೆ ಆರೂವರೆ ತಾಸು, ಸರಿಯಾಗಿದೆ.

ಅದನ್ನೇ ಗಂಟೆ-ನಿಮಿಷದಲ್ಲಿ ತೋರಿಸಲು ಡೇಟ್ ಫಂಕ್ಷನ್ನಿಗೆ ಕೊಟ್ಟರೆ ತೆರೆಯ ಮೇಲೆ 12:00.

ಕಾಕಾ ಬಗ್ಗಿ ನೋಡುತ್ತಾರೆ. "ಹನ್ನೆರಡ್ ತಾಸ? ಅಷ್ಟೊತ್ತು ಕರೆಂಟ್ ಯಾರ್ ಕೊಟ್ರೋ?"

ಪಿಎಚ್‌ಪಿ ಸೆಕೆಂಡು ಎಣಿಸುವುದು 1970ರ ಜನವರಿ 1ರಿಂದ, ಅದೂ ಗ್ರೀನಿಚ್ ಕಾಲಮಾನದ ಮಧ್ಯರಾತ್ರಿಯಿಂದ. ಆಗ ಭಾರತದ ಗಡಿಯಾರದಲ್ಲಿ ಬೆಳಗಿನ 5:30. ಪುಟದ ಕಾಲವಲಯ ಏಷ್ಯಾ/ಕೋಲ್ಕತಾ. ಹೀಗಾಗಿ 23400 ಎಂಬುದು ಮೋಟರು ಓಡಿದ ಅವಧಿ ಎಂದು ಡೇಟ್‌ಗೆ ಗೊತ್ತಾಗಲಿಲ್ಲ; 1970ರ ಆ ಬೆಳಗಿನ ಐದೂವರೆಯ ಮೇಲೆ ಆರೂವರೆ ತಾಸು ಸರಿಸಿ ಮಧ್ಯಾಹ್ನದ ಹನ್ನೆರಡನ್ನು ತೋರಿಸಿತು. ಜಿಎಂಡೇಟ್ ಎಂದು ಬದಲಿಸಿದರೆ 06:30 ಬರುತ್ತದೆ, ನಿಜ. ಆದರೆ ವಾರದ ಪಾಳಿಗಳನ್ನು ಕೂಡಿಸುತ್ತ ಮೊತ್ತ 24 ತಾಸು ಮುಟ್ಟಿತೋ, ಮತ್ತೆ ಸೊನ್ನೆ. ಅಂಥದ್ದನ್ನು ನಂಬಿ ಎರಡು ಮನೆ ಹಣ ಹಂಚಿಕೊಳ್ಳುವುದು ಬೇಡ.

ಹುಡುಗ ಅಷ್ಟನ್ನೂ ಅಳಿಸುತ್ತಾನೆ. ಈ ಸಲ ತಾರೀಖು ಸಮೇತ ಎರಡು ಡೇಟ್‌ಟೈಮ್, ಅವುಗಳ ಅಂತರಕ್ಕೆ ಡಿಫ್. 6 ತಾಸು 30 ನಿಮಿಷ. ಕಾಕಾ ತಲೆಯಾಡಿಸಿ ಸ್ಟಾರ್ಟರ್ ಪೆಟ್ಟಿಗೆ ಮುಚ್ಚುತ್ತಾರೆ.

ಇಂಥ ಲೆಕ್ಕದ ಪುಟ ಬರೆಯುವವರಲ್ಲಿ ಒಂದು ವಿನಂತಿ: ಬರೀ ಗಂಟೆ ಉಳಿಸಬೇಡಿ, ತಾರೀಖೂ ಜತೆಗಿರಲಿ. ಮೊತ್ತವನ್ನು ಸೆಕೆಂಡಿನಲ್ಲೇ ಕೂಡಿಸಿ, ಕಡೆಗೆ 3600ರಿಂದ ಭಾಗಿಸಿ ತಾಸು ತೋರಿಸಿ.